ಶಿರಸಿ ಪೇಟೆಯ ಕಾಫಿ ಪುಡಿ: ಯಾವ ಪೊಟ್ಟಣದಲ್ಲಿ ಬೆಳೆಗಾರನ ಪಾಲೆಷ್ಟು?

ಬೆಳಿಗ್ಗೆ ಎದ್ದರೆ ಕಷಾಯ ಎನ್ನುವ ಶಿರಸಿ ಸೀಮೆಯಲ್ಲೂ ಈಗ ಕಾಫಿ ಪುಡಿಗೆ ಕಪಾಟು ಸಾಲುತ್ತಿಲ್ಲ. ಹುರಿದು ಬೀಸಿಕೊಡುವ ಅಂಗಡಿಯ ಬಿಡಿ ಪುಡಿ, ಕಂಪನಿಗಳ ಚಿಕೋರಿ ಮಿಶ್ರಣ ಮತ್ತು ಇನ್‌ಸ್ಟಂಟ್, ನ್ಯಾಯ ವ್ಯಾಪಾರದ್ದೋ ಪರಿಸರದ್ದೋ ಮುದ್ರೆ ಹೊತ್ತು ಆನ್‌ಲೈನಿನಲ್ಲಿ ಬರುವ ದುಬಾರಿ ಪೊಟ್ಟಣ, ಚಿಕ್ಕಮಗಳೂರು-ಕೊಡಗಿನ ಎಸ್ಟೇಟಿನ ಹೆಸರಿರುವ ಪುಡಿ. ಇವುಗಳ ಜೊತೆ ಈಚೆಗೆ ಸೇರಿಕೊಂಡದ್ದು ನಮ್ಮದೇ ಅಡಕೆ ತೋಟಗಳ ನಡುವೆ ಬೆಳೆದ ರೋಬಸ್ಟಾ ಜಾತಿಯ ಕಾಫಿ. ರುಚಿಗೆ ಅಂಕ ಕೊಡುವ ವಿಮರ್ಶೆಗಳು ಬೇಕಾದಷ್ಟಿವೆ. ಇಲ್ಲಿ ಐದು ಬಗೆಯನ್ನೂ ಒಂದೇ ಪ್ರಶ್ನೆಯ ತಕ್ಕಡಿಗೆ ಹಾಕಿದೆ: ಕೊಟ್ಟ ದುಡ್ಡಿನಲ್ಲಿ ಬೆಳೆದವನಿಗೆ ಎಷ್ಟು ಮುಟ್ಟುತ್ತದೆ, ಮತ್ತು ಅದು ಪೊಟ್ಟಣ ಓದಿದರೆ ಗೊತ್ತಾಗುತ್ತದೆಯೇ?

ಮೊದಲು ಲೆಕ್ಕ ತಿಳಿದಿರಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಭಾವನೆ. ಹಸಿ ಬೀಜ, ಅಂದರೆ ಸುಲಿದು ಇನ್ನೂ ಹುರಿಯದ ಬೀಜ, ಹುರಿದಾಗ ತೂಕ ಶೇ 15ರಿಂದ 18 ಇಳಿಯುತ್ತದೆ. ಶೇ 16 ಎಂದು ಹಿಡಿದರೆ, 250 ಗ್ರಾಂ ಶುದ್ಧ ಪುಡಿಗೆ 298 ಗ್ರಾಂ ಹಸಿ ಬೀಜ ಬೇಕು. ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾ, ಅಂದರೆ ಚೆರ್ರಿ, 50 ಕೆಜಿ ಚೀಲಕ್ಕೆ ಸುಮಾರು 26 ಕೆಜಿ ಬೀಜ ಕೊಡುತ್ತದೆ. ಹಾಗಾದರೆ 298 ಗ್ರಾಂ ಬೀಜಕ್ಕೆ 573 ಗ್ರಾಂ ಚೆರ್ರಿ. ಚೀಲಕ್ಕೆ 10,000 ರೂಪಾಯಿ ದರ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಆ ಪೊಟ್ಟಣದಲ್ಲಿ ಬೆಳೆಗಾರನ ಪಾಲು 115 ರೂಪಾಯಿಯ ಹತ್ತಿರ. ಅದೇ 250 ಗ್ರಾಂ ಪೊಟ್ಟಣ 60:40 ಚಿಕೋರಿ ಮಿಶ್ರಣವಾದರೆ ಕಾಫಿ ಇರುವುದು 150 ಗ್ರಾಂ, ಬೆಳೆಗಾರನಿಗೆ 69 ರೂಪಾಯಿ. ಅಂಗಡಿಯವನು ಎಷ್ಟಕ್ಕೇ ಮಾರಲಿ, ಈ ಅಂಕಿ ಬದಲಾಗದು. ಹೀಗಾಗಿ ಪೊಟ್ಟಣದ ಮೇಲೆ ಮೊದಲು ಹುಡುಕಬೇಕಾದದ್ದು ಹಸಿರು ಮುದ್ರೆಯನ್ನಲ್ಲ, ಕಾಫಿಯ ಶೇಕಡಾವಾರನ್ನು. ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು, ಎಷ್ಟಿದೆ ಎಂದು ಬರೆದಿರಲೇಬೇಕು ಎನ್ನುತ್ತದೆ ನಮ್ಮ ಆಹಾರ ಕಾನೂನು. ಬರೆದಿರುತ್ತಾರೆ ಕೂಡ, ಸಾಮಾನ್ಯವಾಗಿ ಪೊಟ್ಟಣದ ಮಡಿಕೆಯೊಳಗೆ, ಇರುವೆ ಗಾತ್ರದ ಅಕ್ಷರದಲ್ಲಿ.

ಚಿಕೋರಿ ವಿಷವೇನಲ್ಲ. ಗುಜರಾತ್, ಉತ್ತರ ಪ್ರದೇಶದ ರೈತರು ಬೆಳೆಯುವ ಒಂದು ಗೆಡ್ಡೆಬೇರು ಅದು, ಡಿಕಾಕ್ಷನ್ನಿಗೆ ಬಣ್ಣ ಮತ್ತು ಗಟ್ಟಿತನ ಕೊಡುತ್ತದೆ. ತಕರಾರು ಇರುವುದು ಕಾಫಿಯ ಬೆಲೆಗೆ ಚಿಕೋರಿ ಕೊಳ್ಳುವುದರ ಬಗ್ಗೆ.

ಈ ತಕರಾರು ಹೆಚ್ಚಾಗಿ ಬರುವುದು ಬಿಡಿ ಪುಡಿಯಲ್ಲಿ. ಕಣ್ಣೆದುರು ಬೀಸಿಕೊಡುವ ಅಂಗಡಿಯ ದೊಡ್ಡ ಗುಣ ಅಂದರೆ ತಾಜಾತನ. ಹುರಿದು ಎರಡು-ಮೂರು ದಿನವಾದ ಬೀಜ ಬೀಸಿದ ಪುಡಿಯ ಪರಿಮಳವನ್ನು ಕಾರ್ಖಾನೆಯಿಂದ ತಿಂಗಳ ಹಿಂದೆ ಹೊರಟ ಯಾವ ಪೊಟ್ಟಣವೂ ಕೊಡಲಾರದು. ಆದರೆ ಬೀಜ ಎಲ್ಲಿಯದು ಎಂದು ಕೇಳಿದರೆ ‘ಚಿಕ್ಕಮಗಳೂರು’ ಎಂಬ ಒಂದೇ ಉತ್ತರ. ಜಿಲ್ಲೆಯ ಹೆಸರು ಹೇಳಿದರೆ ಮೂಲ ಹೇಳಿದಂತಾಗಲಿಲ್ಲ. ಬದಲಿಗೆ ಗ್ರೇಡ್ ಕೇಳಿ. ಪ್ಲಾಂಟೇಷನ್ ಎ ಅಂದರೆ ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಬಿಡಿಸಿ) ತೊಳೆದ ಅರೇಬಿಕಾ, ಕಾಫಿಯ ಇನ್ನೊಂದು ಜಾತಿ, 6.65 ಮಿಲಿಮೀಟರ್ ಜರಡಿಯ ಮೇಲೆ ನಿಂತದ್ದು. ರೋಬಸ್ಟಾ ಚೆರ್ರಿ ಎಬಿ ಅಂದರೆ ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾದ ಒಳ್ಳೆ ದರ್ಜೆ. ಇವನ್ನು ಥಟ್ಟನೆ ಹೇಳುವ ಅಂಗಡಿಯವನು ಬೀಜ ಕೊಳ್ಳುವಾಗ ಲೆಕ್ಕ ಇಟ್ಟಿದ್ದಾನೆ ಎಂದು ನಂಬಬಹುದು. ತಡವರಿಸಿದರೆ ಆತನಿಗೆ ಬಂದದ್ದು ಕಪ್ಪು ಕಾಳು, ನುಚ್ಚು ಬೆರೆತ ಮಾಲು ಇರಬಹುದು. ಕಡು ಕಪ್ಪಾಗುವವರೆಗೆ ಹುರಿದು ಕೊಡುವುದು ಇಂಥ ಮಾಲಿನ ದೋಷ ಮುಚ್ಚುವ ಹಳೆಯ ಉಪಾಯ.

ಶುದ್ಧ ಕಾಫಿ ಎಂದು ಕೊಟ್ಟದ್ದರಲ್ಲಿ ಚಿಕೋರಿ ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ತಣ್ಣೀರು ಇಟ್ಟು, ಮೇಲಿಂದ ಅರ್ಧ ಚಮಚ ಪುಡಿ ಉದುರಿಸಿ, ಕಲಕಬೇಡಿ. ಕಾಫಿ ತೇಲುತ್ತದೆ. ಚಿಕೋರಿ ಕೆಲವೇ ಕ್ಷಣದಲ್ಲಿ ಮುಳುಗುತ್ತ ಕಂದು ಬಣ್ಣದ ಗೆರೆ ಎಳೆಯುತ್ತದೆ. ಆದರೆ ಎಚ್ಚರ: ಇದು ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಹಳೆಯದಾಗಿ ಸತ್ವ ಹೋದ ಕಾಫಿ ಪುಡಿಯೂ ಬೇಗ ಮುಳುಗುತ್ತದೆ, ಬಣ್ಣದ ಗೆರೆ ಮಾತ್ರ ಅಷ್ಟು ದಟ್ಟ ಇರುವುದಿಲ್ಲ. ಬಿಡಿ ಪುಡಿ ಅಂಗಡಿಗೆ ನನ್ನ ಅಂಕ: ರುಚಿಗೆ ಪೂರ್ತಿ, ಬೆಳೆಗಾರನ ಮಾಹಿತಿಗೆ ಸೊನ್ನೆ.

ಕಂಪನಿ ಪೊಟ್ಟಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೇಕಡಾವಾರು ಬರೆದಿರುತ್ತದೆ, ಎಲ್ಲೆಡೆ ಒಂದೇ ರುಚಿ, ಬೆಲೆ ಹದ. ಯಾವ ಊರಿನ, ಯಾರ ಬೀಜ ಎಂಬುದು ಅದರ ವ್ಯವಹಾರದಲ್ಲೇ ಇಲ್ಲ. ಇನ್‌ಸ್ಟಂಟ್ ಕೊಳ್ಳುವವರು ಒಂದು ಅಂಕಿ ನೆನಪಿಟ್ಟರೆ ಸಾಕು: ಒಂದು ಕೆಜಿ ಶುದ್ಧ ಇನ್‌ಸ್ಟಂಟ್ ಪುಡಿಗೆ 2.6 ಕೆಜಿ ಹಸಿ ಬೀಜ ಎಂದು ಅಂತರರಾಷ್ಟ್ರೀಯ ಲೆಕ್ಕ. 50 ಗ್ರಾಂ ಬಾಟಲಿಗೆ 130 ಗ್ರಾಂ ಬೀಜ. ಅದೂ ಚಿಕೋರಿ ಮಿಶ್ರಣವಾದರೆ ಇನ್ನೂ ಕಡಿಮೆ. ಉಳಿದ ದುಡ್ಡು ಯಂತ್ರ, ಬಾಟಲಿ ಮತ್ತು ಜಾಹೀರಾತಿಗೆ.

ಮುದ್ರೆ ಪೊಟ್ಟಣಗಳಿಗೆ ಬರೋಣ. ಇಲ್ಲಿ ಗ್ರಾಹಕರ ನಂಬಿಕೆ ಒಂದು ಕಡೆ, ನಿಯಮ ಇನ್ನೊಂದು ಕಡೆ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

ಕಾಫಿಗೆ ಮೊದಲ ನ್ಯಾಯ ವ್ಯಾಪಾರದ, ಅಂದರೆ ಫೇರ್‌ಟ್ರೇಡ್, ಮುದ್ರೆ ಬಂದದ್ದು 1988ರಲ್ಲಿ, ನೆದರ್‌ಲೆಂಡ್ಸಿನಲ್ಲಿ. ಮೆಕ್ಸಿಕೋದ ವಹಾಕಾ ಪ್ರಾಂತ್ಯದ ಸಣ್ಣ ಬೆಳೆಗಾರರ ಸಹಕಾರ ಸಂಘವೊಂದರ ಕಾಫಿಗೆ ಮ್ಯಾಕ್ಸ್ ಹಾವೆಲಾರ್ ಎಂಬ ಹೆಸರಿನಲ್ಲಿ. ಮರುವರ್ಷವೇ, 1989ರ ಜುಲೈನಲ್ಲಿ, ದೇಶದೇಶಗಳಿಗೆ ರಫ್ತು ಪಾಲು ಹಂಚುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದುಬಿತ್ತು, ದರವೂ ಬಿತ್ತು. 2001ರಲ್ಲಿ ನ್ಯೂಯಾರ್ಕ್ ಕಾಫಿ ಪೇಟೆಯ ದರ ಒಂದು ಪೌಂಡ್ ತೂಕಕ್ಕೆ (ಸುಮಾರು 454 ಗ್ರಾಂ) 50 ಸೆಂಟಿಗಿಂತ ಕೆಳಗೆ ಇಳಿದಾಗ ಫೇರ್‌ಟ್ರೇಡ್ ಸಂಘಗಳಿಗೆ ಅರೇಬಿಕಾಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚು ಕನಿಷ್ಠ ದರ ಸಿಗುತ್ತಿತ್ತು. ಮುದ್ರೆಗೆ ಮರ್ಯಾದೆ ಬಂದದ್ದು ಆ ಕಾಲದಲ್ಲಿ, ಅದು ನ್ಯಾಯವಾದ ಮರ್ಯಾದೆಯೇ.

ಈಗಿನ ಲೆಕ್ಕ ಬೇರೆ. 2023ರ ಆಗಸ್ಟ್‌ನಿಂದ ಫೇರ್‌ಟ್ರೇಡ್ ಕನಿಷ್ಠ ದರ ತೊಳೆದ ಅರೇಬಿಕಾಕ್ಕೆ ಪೌಂಡಿಗೆ 1.80 ಡಾಲರ್, ಸಿಪ್ಪೆ ಸಮೇತ ಒಣಗಿಸಿದ ರೋಬಸ್ಟಾಕ್ಕೆ 1.20 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ರೋಬಸ್ಟಾ ಬೀಜ ಕೆಜಿಗೆ 225 ರೂಪಾಯಿ. ಮೇಲೆ ಹೇಳಿದ 10,000 ರೂಪಾಯಿ ಚೀಲದ ಲೆಕ್ಕದಲ್ಲಿ ಬೀಜ ಕೆಜಿಗೆ 385 ಬಿತ್ತಲ್ಲ! 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ದರ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಮಾಡಿತು. ಪೇಟೆ ಇಷ್ಟು ಮೇಲಿರುವಾಗ ಕನಿಷ್ಠ ದರ ಇದ್ದೂ ಇಲ್ಲದಂತೆ. ಮಳೆಗಾಲ ಬರುವವರೆಗೆ ಮೂಲೆಯಲ್ಲಿ ನಿಂತ ಛತ್ರಿ ಅದು. ಬೇಕಾಗುವ ದಿನ ಬಂದೇ ಬರುತ್ತದೆ, ಆದರೆ ಪೇಟೆ ಮೇಲಿದ್ದಾಗ ಆ ಪೊಟ್ಟಣಕ್ಕೆ ಹೆಚ್ಚು ಕೊಟ್ಟವರು ಕನಿಷ್ಠ ದರಕ್ಕಾಗಿ ಕೊಟ್ಟಂತಾಗುವುದಿಲ್ಲ.

ಪೇಟೆ ದರ ಎಷ್ಟೇ ಇದ್ದರೂ ಸಿಗುವುದು ಪ್ರೀಮಿಯಂ ಎಂಬ ಹೆಚ್ಚುವರಿ ಹಣ: ಪೌಂಡಿಗೆ 20 ಸೆಂಟು, ಹಸಿ ಬೀಜಕ್ಕೆ ಕೆಜಿಗೆ 37 ರೂಪಾಯಿ ಚಿಲ್ಲರೆ. 250 ಗ್ರಾಂ ಪೊಟ್ಟಣದಲ್ಲಿ ಇದು 11 ರೂಪಾಯಿ. ಇದು ಬೆಳೆಗಾರನ ಕೈಗೆ ನೇರ ಹೋಗುವುದಿಲ್ಲ, ಸಂಘಕ್ಕೆ ಹೋಗುತ್ತದೆ. ಸದಸ್ಯರು ಸಭೆಯಲ್ಲಿ ಕೂತು ಖರ್ಚು ನಿರ್ಧರಿಸಬೇಕು, 20ರಲ್ಲಿ 5 ಸೆಂಟು ಇಳುವರಿ-ಗುಣಮಟ್ಟಕ್ಕೇ ಹೋಗಬೇಕು. ಸಾವಯವವಾದರೆ ಪೌಂಡಿಗೆ ಇನ್ನೂ 40 ಸೆಂಟು. ಇನ್ನೊಂದು ಸೂಕ್ಷ್ಮ: ಕನಿಷ್ಠ ದರ ಹಡಗಿಗೆ ಏರಿಸುವ ಹಂತದ್ದು. ಸಿಪ್ಪೆ ಸುಲಿಸುವುದು, ವಿಂಗಡಣೆ, ಲಾರಿ ಬಾಡಿಗೆ, ಸಂಘದ ಕಚೇರಿ ಖರ್ಚು ಕಳೆದು ಉಳಿದದ್ದು ಸದಸ್ಯನಿಗೆ. ಹಾಗಾಗಿ ಸಂಘ ಚೆನ್ನಾಗಿ ನಡೆದರೆ ಮುದ್ರೆಗೆ ಅರ್ಥ, ಇಲ್ಲದಿದ್ದರೆ 11 ರೂಪಾಯಿ ದಾರಿಯಲ್ಲೇ ಕರಗುತ್ತದೆ. ಸಹಕಾರ ಸಂಘದ ಸಭೆ ನೋಡಿದ ಶಿರಸಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಸಿರು ಕಪ್ಪೆಯ ಚಿಹ್ನೆ ರೇನ್‌ಫಾರೆಸ್ಟ್ ಅಲಯನ್ಸಿನದು, 2018ರಲ್ಲಿ ಅದು ಯುಟಿಝಡ್ ಎಂಬ ಇನ್ನೊಂದು ಮುದ್ರೆಯ ಸಂಸ್ಥೆಯ ಜೊತೆ ಒಂದಾಯಿತು. ಇದರಲ್ಲಿ ಕಾಫಿಗೆ ಕನಿಷ್ಠ ದರ ಇಲ್ಲ. ಪೇಟೆ ದರದ ಮೇಲೆ ‘ಸುಸ್ಥಿರತಾ ವ್ಯತ್ಯಾಸ’ ಎಂದು ನಗದು ಕೊಡಲೇಬೇಕು, ಎಷ್ಟು ಎಂಬುದು ಕೊಳ್ಳುವವ-ಮಾರುವವರ ಮಾತುಕತೆಗೆ ಬಿಟ್ಟದ್ದು. ದೊಡ್ಡ ಎಸ್ಟೇಟುಗಳೂ ಇದನ್ನು ಪಡೆಯಬಹುದು. ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಮಾತ್ರ ಕಾಫಿಯಲ್ಲಿ ಸಣ್ಣ ಬೆಳೆಗಾರರ ಸಂಘಗಳಿಗಷ್ಟೇ ಸೀಮಿತ. ಅಮೆರಿಕದ ಶಾಖೆ 2011ರಲ್ಲಿ ಬೇರೆಯಾಗಿ ಎಸ್ಟೇಟುಗಳಿಗೂ ತನ್ನದೇ ಮುದ್ರೆ ಕೊಡತೊಡಗಿತು. ಎರಡರ ಹೆಸರೂ ಹತ್ತಿರ ಹತ್ತಿರ, ಗ್ರಾಹಕನಿಗೆ ಗೊಂದಲವಾಗುವುದು ಸಹಜ. ನೆರಳು, ಕಳೆನಾಶಕ, ಕಾರ್ಮಿಕರ ಮನೆ, ಕುಡಿಯುವ ನೀರು ಇವುಗಳ ತಪಾಸಣೆಗೆ ಕಪ್ಪೆ ಮುದ್ರೆ ಒಳ್ಳೆಯದೇ. ದರದ ಭರವಸೆ ಎಂದು ತಿಳಿದು ಕೊಳ್ಳಬೇಡಿ.

ದೇಶದೊಳಗೆ ಕೊಳ್ಳುವುದಾದರೆ ಮುದ್ರೆ ಪೊಟ್ಟಣಗಳಲ್ಲಿ ನನಗೆ ಹೆಚ್ಚು ಅರ್ಥವುಳ್ಳದ್ದಾಗಿ ಕಾಣುವುದು ಸಂಘದ ಹೆಸರನ್ನೇ ಬರೆದವು. ಆಂಧ್ರದ ಅರಕು ಕಣಿವೆಯ ಆದಿವಾಸಿ ಬೆಳೆಗಾರರ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಅದೇ ವರ್ಷ ಕೊಡಗು, ಚಿಕ್ಕಮಗಳೂರು, ಬಾಬಾಬುಡನಗಿರಿ ಅರೇಬಿಕಾಗಳಿಗೂ, ವಯನಾಡಿನ ರೋಬಸ್ಟಾಕ್ಕೂ. ಭೌಗೋಳಿಕ ಸೂಚ್ಯಂಕ ಊರಿನ ಗುರುತು ಅಷ್ಟೇ, ದರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಊರು ಮತ್ತು ಸಂಘ ಎರಡೂ ಪೊಟ್ಟಣದ ಮೇಲಿದ್ದರೆ ಮುಂದಿನ ಪ್ರಶ್ನೆ ಕೇಳಲು ಒಂದು ವಿಳಾಸ ಸಿಕ್ಕಂತಾಯಿತು.

ಎಸ್ಟೇಟ್ ಹೆಸರಿನ ಪೊಟ್ಟಣಗಳಲ್ಲಿ ತೋಟ, ಎತ್ತರ, ತಳಿ, ಸಂಸ್ಕರಣೆ, ಹುರಿದ ದಿನಾಂಕ ಎಲ್ಲವೂ ಇರುತ್ತವೆ. ಎಸ್ 795 ಎಂದೋ ಚಂದ್ರಗಿರಿ ಎಂದೋ ತಳಿ ಬರೆದಿದ್ದರೆ ಬೀಜ ಬೆರೆತದ್ದಲ್ಲ ಎಂಬ ಧೈರ್ಯ. ರುಚಿಯಲ್ಲಿ ಇವನ್ನು ಮೀರಿಸುವುದು ಕಷ್ಟ. ಆದರೆ ಇವುಗಳಲ್ಲಿ ಬಹುತೇಕ ಎಲ್ಲೂ ಕಾಣದ ಒಂದು ಸಾಲು ಇದೆ: ತೋಟಕ್ಕೆ ಕೊಟ್ಟ ದರ. ಮಾಲೀಕನ ಹೆಸರಿದೆ, ಹಣ್ಣು ಕೊಯ್ದ ಆಳಿನ ಕೂಲಿ ಇಲ್ಲ. ಹಣ್ಣಾದದ್ದನ್ನೇ ಆರಿಸಿ ಕೊಯ್ಯುವುದಕ್ಕೆ ಕೊಂಬೆ ಎಳೆದು ಕಾಯಿ-ಹಣ್ಣು ಒಟ್ಟಿಗೇ ಸೋಸುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಕೂಲಿ ಕೆಜಿ ಲೆಕ್ಕದಲ್ಲಿದ್ದರೆ ಒಳ್ಳೆ ರುಚಿಯ ಖರ್ಚು ಕೊಯ್ಯುವವರ ಮೇಲೇ ಬೀಳುತ್ತದೆ. ‘ಕೈಯಿಂದ ಆರಿಸಿದ’ ಎಂದು ದೊಡ್ಡದಾಗಿ ಬರೆದವರು ಆರಿಸಿದ್ದಕ್ಕೆ ದಿನಗೂಲಿಯೋ ಕೆಜಿ ಕೂಲಿಯೋ ಎಂಬುದನ್ನೂ ಬರೆದರೆ ಚೆನ್ನಾಗಿತ್ತು.

ಉಳಿದದ್ದು ನಮ್ಮೂರಿನದು. ಎಲೆಚುಕ್ಕಿ ರೋಗದ ಹೆದರಿಕೆ, ಅಡಕೆ ಒಂದನ್ನೇ ನಂಬಿ ಕೂರಬಾರದೆಂಬ ಯೋಚನೆ, ಜೊತೆಗೆ ಏರಿದ ರೋಬಸ್ಟಾ ದರ ಸೇರಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ನಾಲ್ಕು ಅಡಕೆ ಮರದ ನಡುವೆ ಒಂದು ಕಾಫಿ ಗಿಡ ಎದ್ದಿದೆ. ಶಿರಸಿಯ ಎತ್ತರ ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸು. ಅರೇಬಿಕಾಕ್ಕೆ ಇದು ತಗ್ಗು, ರೋಬಸ್ಟಾಕ್ಕೆ ಸರಿ. ಈ ಕಾಫಿಯನ್ನು ಮನೆಯಲ್ಲೇ ಹುರಿಸಿ ಸಣ್ಣ ಕೊಟ್ಟೆ ಮಾಡಿ ಮಾರುವವರಿದ್ದಾರೆ, ಬಹುಪಾಲು ಮಾತ್ರ ಚೆರ್ರಿಯಾಗಿ ವ್ಯಾಪಾರಿಗಳ ಕೈಸೇರುತ್ತದೆ. ಚೆರ್ರಿ ಸುಲಿದು ವಿಂಗಡಿಸುವ ದೊಡ್ಡ ಕ್ಯೂರಿಂಗ್ ವರ್ಕ್ಸ್‌ಗಳು ಇರುವುದು ಚಿಕ್ಕಮಗಳೂರು, ಹಾಸನ, ಕೊಡಗಿನ ಕಡೆ.

ಪರಿಸರದ ದೃಷ್ಟಿಯಿಂದ ಇದಕ್ಕೆ ಒಳ್ಳೆ ಅಂಕ ಕೊಡಲು ಕಾರಣವಿದೆ. ಚೆರ್ರಿಯಾಗಿ ಒಣಗಿಸುವುದರಿಂದ ಪಲ್ಪರ್ ಇಲ್ಲ, ತೊಳೆದ ಹುಳಿ ನೀರು ಹಳ್ಳಕ್ಕೆ ಸೇರುವ ತಾಪತ್ರಯವಿಲ್ಲ. ಇದ್ದ ತೋಟದಲ್ಲೇ ಮೂರನೆಯ ಬೆಳೆ, ಹೊಸ ಜಾಗ ಬೇಕಿಲ್ಲ. ಅಡಕೆ ನೆರಳನ್ನು ಮಾತ್ರ ಕೊಡಗಿನ ಕಾಡುಮರದ ನೆರಳಿಗೆ ಸಮ ಎನ್ನಲಾಗದು, ಹಕ್ಕಿಗೆ ಗೂಡು ಕಟ್ಟಲು ಅಡಕೆ ಮರದಲ್ಲಿ ಏನಿದೆ? ‘ನೆರಳಿನ ಕಾಫಿ, ಪಕ್ಷಿಸ್ನೇಹಿ’ ಎಂದು ಪೊಟ್ಟಣದ ಮೇಲೆ ಹಾಕುವ ಮೊದಲು ತೋಟಿಗರು ಇದನ್ನು ಯೋಚಿಸಬೇಕು. ‘ಸಾವಯವ’ ಎಂಬ ಪದಕ್ಕೂ ಹಾಗೆಯೇ ಕಟ್ಟುಪಾಡು ಇದೆ. ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ರೈತರ ಗುಂಪೇ ಪರಸ್ಪರ ತಪಾಸಣೆ ಮಾಡುವ ಪಿಜಿಎಸ್-ಇಂಡಿಯಾದ ಪ್ರಮಾಣಪತ್ರ ಇದ್ದರೆ ಮಾತ್ರ ಅಂಗಡಿಯಲ್ಲಿ ಆ ಹೆಸರಿನಿಂದ ಮಾರಬಹುದು, ಸಣ್ಣ ಬೆಳೆಗಾರ ತಾನೇ ಗ್ರಾಹಕನಿಗೆ ನೇರ ಮಾರಿದರೆ ವಿನಾಯಿತಿ. ಅಡಕೆಯ ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ (ಮೈಲುತುತ್ತ-ಸುಣ್ಣದ್ದು) ಕೆಳಗಿನ ಕಾಫಿ ಗಿಡದ ಮೇಲೂ ಬೀಳುತ್ತದೆ; ಸಾವಯವದಲ್ಲಿ ತಾಮ್ರಕ್ಕೆ ಮಿತಿಯೊಳಗೆ ಅವಕಾಶವಿದೆ, ಲೆಕ್ಕ ಬರೆದಿಟ್ಟಿರಬೇಕು.

ದೊಡ್ಡ ಅಪಾಯ ಇರುವುದು ಬೆಟ್ಟದ ವಿಷಯದಲ್ಲಿ. ತೋಟಕ್ಕೆ ಸೊಪ್ಪು-ದರಕು (ಒಣ ಎಲೆ) ತರಲು ಬಿಟ್ಟ ಸೊಪ್ಪಿನ ಬೆಟ್ಟ ಲೆಕ್ಕದಲ್ಲಿ ಅರಣ್ಯ. ಯುರೋಪಿನ ಅರಣ್ಯನಾಶ ತಡೆ ಕಾನೂನು, 2023ರದ್ದು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಒಳಗೆ ಬಿಡುವುದಿಲ್ಲ. ಜಾರಿಯ ದಿನವನ್ನು ಎರಡು ಸಲ ಮುಂದೂಡಿದ್ದಾರೆ, ಆದರೆ ಈ ಗಡಿ ದಿನಾಂಕ ಮುಂದೆ ಹೋಗಿಲ್ಲ. 4 ಹೆಕ್ಟೇರಿಗಿಂತ ಚಿಕ್ಕ ತೋಟಕ್ಕೆ ಅಕ್ಷಾಂಶ-ರೇಖಾಂಶದ ಒಂದು ಬಿಂದು ಸಾಕು, ದಶಮಾಂಶದ ಆರು ಸ್ಥಾನದವರೆಗೆ. ಅದಕ್ಕಿಂತ ದೊಡ್ಡದಕ್ಕೆ ಸುತ್ತಳತೆಯ ನಕ್ಷೆ. ಭಾರತದ ಕಾಫಿಯ ಬಹುಪಾಲು ರಫ್ತಾಗುವುದು, ಇಟಲಿ ಅದರ ದೊಡ್ಡ ಗಿರಾಕಿ. ಬೆಟ್ಟದಂಚಿನ ನಾಲ್ಕು ಮರ ಕಡಿದು ನೆಟ್ಟ ಗಿಡದ ಕಾಫಿ ಉಳಿದವರ ಚೀಲಕ್ಕೆ ಬೆರೆತರೆ ಇಡೀ ಲಾಟ್ ತಿರಸ್ಕಾರವಾಗಬಹುದು. ಆ ದಿನ ಸೀಮೆಯ ಹೆಸರೇ ಕೆಡುತ್ತದೆ.

ಇನ್ನು ದರದ ನ್ಯಾಯ. ಫೇರ್‌ಟ್ರೇಡ್ ಮುದ್ರೆ ಇಲ್ಲಿಗೆ ತಲುಪಿಲ್ಲ, ಒಂದು-ಎರಡು ಎಕರೆಯವರಿಗೆ ಸಂಘ ಕಟ್ಟದೆ ಸಿಗುವುದೂ ಇಲ್ಲ. ಇಲ್ಲಿ ನ್ಯಾಯ ನಿರ್ಧಾರವಾಗುವುದು ವ್ಯಾಪಾರಿಯ ಅಂಗಡಿಯಲ್ಲಿ, ಎರಡು ಅಳತೆಗಳಲ್ಲಿ: ಓಟಿ ಮತ್ತು ತೇವ.

ಓಟಿ (ಔಟ್‌ಟರ್ನ್) ಅಂದರೆ 50 ಕೆಜಿ ಚೆರ್ರಿಗೆ ಎಷ್ಟು ಕೆಜಿ ಬೀಜ ಎಂಬುದು. ದರ ಹೇಳುವುದು ಒಂದು ಓಟಿಗೆ ಇಷ್ಟು ಎಂದು. ಉದಾಹರಣೆಗೆ 380 ಇದ್ದರೆ, 26 ಓಟಿಗೆ ಚೀಲಕ್ಕೆ 9,880. ವ್ಯಾಪಾರಿ 25 ಎಂದರೆ 9,500. ಹತ್ತು ಚೀಲಕ್ಕೆ 3,800 ರೂಪಾಯಿ ಹೋಯಿತು, ಮೇಲೆ ಲೆಕ್ಕ ಹಾಕಿದ ಪ್ರೀಮಿಯಂಗೆ ಹೋಲಿಸಿ ನೋಡಿ: 260 ಕೆಜಿ ಬೀಜಕ್ಕೆ ಪ್ರೀಮಿಯಂ 9,700ರ ಹತ್ತಿರ. ಅಂದರೆ ಎರಡೂವರೆ ಓಟಿ ತಪ್ಪು ಅಳೆದರೆ ಜಗತ್ತಿನ ಅತಿ ಪ್ರಸಿದ್ಧ ನ್ಯಾಯ ಮುದ್ರೆಯ ಲಾಭ ಪೂರ್ತಿ ತಿಂದಂತೆ.

ಓಟಿ ತಪ್ಪುವುದು ಮಾದರಿ ತೆಗೆಯುವಲ್ಲಿ. ಒಂದೇ ಚೀಲದ ಬಾಯಿಂದ ಮುಷ್ಟಿ ತೆಗೆದು ಅಳೆದರೆ ಅದು ಅಂದಾಜಷ್ಟೇ. ಸಾಗಿಸುವಾಗ ಭಾರದ ಕಾಯಿ ಕೆಳಗೆ ಇಳಿದಿರುತ್ತದೆ, ಜೊಳ್ಳು ಮೇಲೆ. ಪ್ರತಿ ಚೀಲದ ಮೇಲೆ, ನಡು, ತಳದಿಂದ ತೆಗೆದು ಒಟ್ಟು ಮಾಡಿ, ಚೆನ್ನಾಗಿ ಬೆರೆಸಿ ಒಂದು ಕೆಜಿ ತೂಗಿ, ಸುಲಿದು, ಸಿಪ್ಪೆ ಗಾಳಿಗೆ ತೂರಿ, ಬೀಜ ತೂಗಬೇಕು. 520 ಗ್ರಾಂ ಬಂದರೆ 26 ಓಟಿ. ಕಪ್ಪು ಕಾಳು, ನುಚ್ಚು ಎಷ್ಟು ಕಳೆದರು ಎಂದು ಬೇರೆ ತೂಗಿಸಿಕೊಳ್ಳಿ. ಹಸಿರು ಕಾಯಿ ಹೆಚ್ಚು ಕೊಯ್ದಿದ್ದರೆ ಓಟಿ ನಿಜವಾಗಿಯೂ ಇಳಿಯುತ್ತದೆ, ಅದಕ್ಕೆ ವ್ಯಾಪಾರಿಯನ್ನು ದೂರಿ ಫಲವಿಲ್ಲ. ನಮ್ಮ ಕಡೆ ಇದು ಆಗುವುದು ಏಕೆಂದರೆ ಕಾಫಿ ಹಣ್ಣಾಗುವ ಹೊತ್ತಿಗೆ ಅಡಕೆ ಕೊಯ್ಲೂ ನಡೆದಿರುತ್ತದೆ. ಆಳು ಸಿಕ್ಕಿದ ದಿನವೇ ಒಮ್ಮೆಗೇ ಕೊಂಬೆ ಸೋಸಿಬಿಡುತ್ತಾರೆ.

ತೇವದ ಲೆಕ್ಕ ಇದಕ್ಕೆ ಎದುರು ದಿಕ್ಕಿನದು, ಇಲ್ಲಿ ಬೆಳೆಗಾರನೂ ಆಟ ಆಡಬಲ್ಲ. ರೋಬಸ್ಟಾ ಚೆರ್ರಿ ಶೇ 11 ತೇವಕ್ಕೆ ಒಣಗಬೇಕು. ಶೇ 13ರಲ್ಲಿ ಚೀಲ ಕಟ್ಟಿದರೆ 50 ಕೆಜಿಯಲ್ಲಿ ಒಂದು ಕೆಜಿಗಿಂತ ಹೆಚ್ಚು ನೀರು. ವ್ಯಾಪಾರಿ ಅದಕ್ಕೆ ಕಳೆಯುವುದು ತಪ್ಪಲ್ಲ, ಆದರೆ ಕಾಳುಮೆಣಸಿಗೆಂದು ಇಟ್ಟ ತೇವಮಾಪಕದಲ್ಲಿ, ಮೆಣಸಿನ ಸೆಟ್ಟಿಂಗಿನಲ್ಲೇ ಕಾಫಿ ಅಳೆದು ಎರಡು ಅಂಕ ಹೆಚ್ಚು ತೋರಿಸಿದರೆ ತಪ್ಪು. ಸುಲಿದ ಬೀಜವನ್ನು ಕಾಫಿ ಸೆಟ್ಟಿಂಗಿನಲ್ಲಿ ಅಳೆಯಬೇಕು, ಅದೂ ಬಿಸಿಲಿಂದ ತಂದ ಬಿಸಿ ಮಾಲಲ್ಲ, ನೆರಳಲ್ಲಿ ತಣಿದದ್ದು. ಯಂತ್ರವಿಲ್ಲದಾಗ ಹಳೆಯ ಪರೀಕ್ಷೆ: ಒಂದು ಮುಷ್ಟಿ ಚೆರ್ರಿ ಕಿವಿಯ ಹತ್ತಿರ ಕುಲುಕಿದರೆ ಒಳಗೆ ಬೀಜ ಗಲಗಲ ಎನ್ನಬೇಕು.

ಅಡಕೆಯಲ್ಲಿ ಈ ಸೀಮೆ ಇಂಥ ಜಗಳಗಳನ್ನು ಬಗೆಹರಿಸಿಕೊಂಡು ನೂರು ವರ್ಷವಾಯಿತು. ತೋಟಗಾರ್ಸ್ ಸೇಲ್ ಸೊಸೈಟಿ, ನಮ್ಮ ಬಾಯಲ್ಲಿ ಟಿಎಸ್‌ಎಸ್, ಹುಟ್ಟಿದ್ದು 1923ರಲ್ಲಿ. ರಾಶಿ ಇಟ್ಟು, ನಾಲ್ಕಾರು ಖರೀದಿದಾರರು ನೋಡಿ, ಟೆಂಡರ್ ಬರೆದು, ಲಾಟ್ ಲಾಟಿಗೆ ದರ ತಿಳಿಯುವ ಪದ್ಧತಿ ಅದು. ಮಾಪಕ ಬೆಳೆಗಾರನದೂ ಅಲ್ಲ, ಕೊಳ್ಳುವವನದೂ ಅಲ್ಲ. ಕಾಫಿ ಚೀಲ ಇಳಿಸುವಾಗಲೂ ಇಷ್ಟೇ ಬೇಕಿರುವುದು. ಯಾವ ಮುದ್ರೆಯೂ ಇದರ ಅರ್ಧ ಉಪಕಾರ ಮಾಡಲಾರದು ಎಂಬುದು ನನ್ನ ತೀರ್ಮಾನ. ಊರಿನ ರೋಬಸ್ಟಾ ಕೊಟ್ಟೆ ಮಾರುವವರು ಅದರ ಮೇಲೆ ‘ಚೆರ್ರಿ ಚೀಲಕ್ಕೆ ಇಷ್ಟು ದರ, ಇಷ್ಟು ಓಟಿ’ ಎಂದು ಒಂದು ಸಾಲು ಹಾಕಿದರೆ ಎಸ್ಟೇಟ್ ಪೊಟ್ಟಣದವರೂ ಮಾಡದ ಕೆಲಸ ಮಾಡಿದಂತೆ.

ರುಚಿಯ ಮಾತು ಬಿಟ್ಟರೆ ವಿಮರ್ಶೆ ಆಗದು. ಚೆನ್ನಾಗಿ ಒಣಗಿಸಿದ ತೋಟದ ರೋಬಸ್ಟಾ ದಪ್ಪ, ಕಹಿ, ಹಾಲಿಗೆ ಗಟ್ಟಿ ನಿಲ್ಲುವ ಕಾಫಿ. ಕೆಟ್ಟದ್ದರಲ್ಲಿ ಸಿಗುವ ದೋಷ ಎರಡು. ಒಂದು ಹೊಗೆ ಮತ್ತು ಚೊಗರಿನ ವಾಸನೆ: ಅಡಕೆ ಬೇಯಿಸುವ ಒಲೆಯ ಪಕ್ಕದ ಅಂಗಳದಲ್ಲೇ ಕಾಫಿ ಹರವಿದರೆ ಕಾಯಿ ಅದನ್ನು ಹೀರಿಕೊಳ್ಳುತ್ತದೆ, ಹುರಿದರೂ ಹೋಗದು. ಇನ್ನೊಂದು ಮಣ್ಣು-ಬೂಷ್ಟಿನ ವಾಸನೆ: ನೆಲದ ಮೇಲೆ ದಪ್ಪಗೆ ಹರವಿ, ರಾತ್ರಿ ಇಬ್ಬನಿಗೆ ಮುಚ್ಚದೆ ಬಿಟ್ಟದ್ದರ ಫಲ. ತಾಡಪಾಲಿನ ಮೇಲೆ 8 ಸೆಂಟಿಮೀಟರಿಗಿಂತ ದಪ್ಪವಾಗದಂತೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿದರೆ ಒಳ್ಳೆ ಬಿಸಿಲಿನಲ್ಲಿ ಎರಡು ವಾರದೊಳಗೆ ಒಣಗುತ್ತದೆ. ಒಮ್ಮೆ ಒಣಗಿದ್ದು ಮತ್ತೆ ನೆಂದರೆ ಬೂಷ್ಟು ಹಿಡಿಯುತ್ತದೆ. ಅದರ ವಿಷ ಓಕ್ರಾಟಾಕ್ಸಿನ್‌ಗೆ ಯುರೋಪು ಹುರಿದ ಕಾಫಿಯಲ್ಲಿ ಕೆಜಿಗೆ 3 ಮೈಕ್ರೋಗ್ರಾಂ ಮಿತಿ ಇಟ್ಟಿದೆ, ಅದನ್ನು ದಾಟಿ ಅಲ್ಲಿ ನಡೆಯದ ಮಾಲು ನಮ್ಮ ಲೋಟಕ್ಕೇ ಬರಬಹುದು.

ಪೊಟ್ಟಣ ಕೊಂಡಾಗ ಮೊದಲು ಒಂದು ಲೋಟ ಬರೀ ಡಿಕಾಕ್ಷನ್ ಕುಡಿದು ನೋಡಿ: ಫಿಲ್ಟರಿಗೆ 20 ಗ್ರಾಂ ಪುಡಿ, ಹಗುರವಾಗಿ ತಟ್ಟಿ, ಕುದಿ ನಿಂತ ನೀರು 120 ಮಿಲಿ, ಹದಿನೈದು-ಇಪ್ಪತ್ತು ನಿಮಿಷ. ಹಾಲು ಸಕ್ಕರೆ ಬೆರೆತ ಮೇಲೆ ಹೊಗೆಯೂ ತಿಳಿಯದು, ಬೂಷ್ಟೂ ತಿಳಿಯದು. ಶುದ್ಧ ಪುಡಿಯ ಡಿಕಾಕ್ಷನ್ ಚಿಕೋರಿಯದಷ್ಟು ಕಪ್ಪು ಇರುವುದಿಲ್ಲ, ತೆಳುವಾಗಿದೆ ಎಂದು ವಾಪಸ್ ಕೊಡಬೇಡಿ. ಪುಡಿ ತೀರಾ ನುಣ್ಣಗಿದ್ದು ಫಿಲ್ಟರ್ ಕಟ್ಟಿಕೊಂಡರೆ ಮುಂದಿನ ಸಲ ಒಂದು ಹಂತ ದಪ್ಪ ಬೀಸಲು ಹೇಳಿ.

ಕಾರವಾರ, ಅಂಕೋಲಾ, ಕುಮಟಾದವರಿಗೆ ಬೇರೆ ಸಲಹೆ. ಘಟ್ಟದ ಮೇಲೆ ಒಂದು ತಿಂಗಳು ಬಾಳುವ ಪುಡಿ ಕಡಲ ದಂಡೆಯ ಆರ್ದ್ರತೆಯಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೇಗ ಗಂಟು ಕಟ್ಟುತ್ತದೆ. ಅರ್ಧ ಕೆಜಿ ಅಗ್ಗ ಎಂದು ಒಟ್ಟಿಗೆ ಕೊಳ್ಳಬೇಡಿ; 100 ಗ್ರಾಮಿನಂತೆ ತಂದು, ಪೊಟ್ಟಣ ಸಮೇತ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಫ್ರಿಜ್ಜಿನಿಂದ ತೆಗೆದು ಹಾಕಿ ಮಾಡಿದರೆ ಪ್ರತಿ ಸಲವೂ ಒಳಗೆ ನೀರು ಬೆವರುತ್ತದೆ, ಮೀನಿನ ವಾಸನೆಯನ್ನೂ ಪುಡಿ ಹೀರಿಕೊಳ್ಳುತ್ತದೆ. ಮನೆಯಲ್ಲಿ ಬೀಸುವ ಯಂತ್ರ ಇದ್ದರೆ ಹುರಿದ ಬೀಜವನ್ನೇ ತರುವುದು ವಾಸಿ, ಪುಡಿಗಿಂತ ಹೆಚ್ಚು ದಿನ ಬಾಳುತ್ತದೆ, ಚಿಕೋರಿ ಬೆರೆಸಲೂ ಬರುವುದಿಲ್ಲ.